ಎಪ್ಪತ್ತು ಅಕ್ಷರಗಳಲ್ಲಿ ಮೀನು

ಅಮೀರ್‌ಪೇಟ್ ಎಂದ ಕೂಡಲೇ ನಮ್ಮ ಕಡೆಯ ಹುಡುಗರಿಗೆ ನೆನಪಾಗುವುದು ಕೋಚಿಂಗ್ ಸೆಂಟರು. ಬೀದರ್, ಕಲಬುರಗಿ, ರಾಯಚೂರಿನಿಂದ ರಾತ್ರಿ ಬಸ್ಸು ಹತ್ತಿದವರು ಬೆಳಿಗ್ಗೆ ಇಲ್ಲಿ ಇಳಿದು, ಹಾಸ್ಟೆಲಿನಲ್ಲಿ ಬ್ಯಾಗಿಟ್ಟು, ಮೈತ್ರಿವನಂ ಸುತ್ತಲಿನ ಗಲ್ಲಿಗಳಲ್ಲಿ ಡೆಮೊ ಕ್ಲಾಸು ಕೇಳುತ್ತಾ ಅಲೆಯುತ್ತಾರೆ. ಭಾಷಾವಿಜ್ಞಾನದಲ್ಲಿ ಎಂ.ಎ. ಮುಗಿಸಿ ಅನುವಾದದ ಕೆಲಸ ಹಿಡಿದಾಗ ನಾನು ರೂಮು ಮಾಡಿದ್ದೂ ಇದೇ ಗಲ್ಲಿಗಳ ಹಿಂದೆಯೇ.

ಇಲ್ಲಿ ಇನ್ನೊಂದು ವ್ಯಾಪಾರವಿದೆ. ಬಿ.ಟೆಕ್ ಕೊನೆಯ ವರ್ಷದವರಿಗೆ ಪ್ರಾಜೆಕ್ಟ್ ಮಾಡಿಕೊಡುವ ಅಂಗಡಿಗಳು. ಗೋಡೆಗೆ ಅಂಟಿಸಿದ ವಿಷಯಗಳ ಪಟ್ಟಿ ನೋಡಿ ಆರಿಸಿಕೊಳ್ಳಬಹುದು. ಒಮ್ಮೆ ಅಂಥ ಒಂದು ಪಟ್ಟಿಯಲ್ಲಿ ಮೊಬೈಲ್ ಜಾಲದ ವಿದ್ಯುತ್ ಉಳಿಸುವ ಪ್ರಾಜೆಕ್ಟಿನ ಕೆಳಗೇ ಮೀನಿನ ಹೊಂಡದ ನೀರು ಪರೀಕ್ಷಿಸುವ ಸೆನ್ಸರಿನ ಪ್ರಾಜೆಕ್ಟ್ ಇತ್ತು. ಎತ್ತಣ ಟವರು, ಎತ್ತಣ ಮೀನು ಎಂದು ನಕ್ಕು ಮುಂದೆ ಹೋಗಿದ್ದೆ.

ಆಮೇಲೆ ಮೀನು ಸಾಕಣೆಯ ಕೆಲವು ಕಾಗದಪತ್ರಗಳು ಅನುವಾದಕ್ಕೆ ಬಂದವು. ಹಳೆಯ ಒಂದು ಸರ್ಕಾರಿ ಪುಸ್ತಿಕೆಯ ಹಿಂಬದಿಯ ವಿಳಾಸ ಓದಿ ಬೆರಗಾದೆ. ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿ, ಮೈತ್ರಿ ವಿಹಾರ್ ವಾಣಿಜ್ಯ ಸಂಕೀರ್ಣ, ಅಮೀರ್‌ಪೇಟ್. ಕೇಂದ್ರ ಸರ್ಕಾರ ಈ ಮಂಡಳಿಯನ್ನು ಸ್ಥಾಪಿಸಿದ್ದು 2006ರಲ್ಲಿ. ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಪಕ್ಕ ಮೀನಿನ ಆಕಾರದಲ್ಲೇ ಕಟ್ಟಿದ ಸ್ವಂತ ಕಟ್ಟಡಕ್ಕೆ 2012ರಲ್ಲಿ ಹೋಗುವವರೆಗೂ ದೇಶದ ಮೀನಿನ ಯೋಜನೆಗಳು ಹೊರಟದ್ದು ಈ ಕೋಚಿಂಗ್ ಸಂತೆಯ ನಡುವಿನಿಂದ. ಜಾಲದ ಪಾಠ ಹೇಳುವ ಬೀದಿಯಲ್ಲೇ ಮೀನಿನ ಕಚೇರಿಯೂ ಇತ್ತು. ಅಂಗಡಿಯ ಆ ಪಟ್ಟಿ ಅಷ್ಟೇನೂ ನಗುವಂಥದ್ದಾಗಿರಲಿಲ್ಲ.

ಮೀನಿನ ಬಗ್ಗೆ ಒಂದು ಕಡೆ ತಿಳಿದದ್ದು ಹೊಂಡದ ದಂಡೆಯಲ್ಲಿ, ದೋಣಿಯಲ್ಲಿ ನಿಂತವರಿಗೆ ಹೇಗೆ ಮುಟ್ಟಿತು? ಮೊಬೈಲ್ ಬಂದ ಮೇಲೆ ಏನು ಬದಲಾಯಿತು? ದಾರಿಯಲ್ಲಿ ಏನು ಉದುರಿಹೋಯಿತು? ಈ ಬರಹ ಅದರ ಚರಿತ್ರೆ. ಅದರ ಕೊನೆಯ ಮೂಲೆಯಲ್ಲಿ ನನ್ನದೂ ಒಂದು ಸಣ್ಣ ಪಾಲಿದೆ.

ಕೈಯಿಂದ ಕೈಗೆ

ಕಡಲಿನಿಂದ 250 ಕಿಲೋಮೀಟರ್‌ಗೂ ದೂರದ ಹೈದರಾಬಾದಿನಲ್ಲಿ ಮೀನಿನ ಮಂಡಳಿ ಏಕೆ ಎಂದು ಕೇಳುವವರುಂಟು. ಆದರೆ ಭಾರತದ ಮೀನಿನ ದೊಡ್ಡ ಪಾಲು ಬರುವುದು ಈಗ ಕಡಲಿನಿಂದಲ್ಲ. ಕೆರೆ, ಹೊಂಡ, ಜಲಾಶಯ, ನದಿಗಳಿಂದ. ಅದರಲ್ಲೂ ಗೋದಾವರಿ, ಕೃಷ್ಣಾ ಮುಖಜಭೂಮಿಯಲ್ಲಿ, ಕೊಲ್ಲೇರು ಸರೋವರದ ಸುತ್ತ, ಭೀಮವರಂ ಕಡೆ ಭತ್ತದ ಗದ್ದೆಗಳೇ ಹೊಂಡಗಳಾಗಿವೆ. ಅಲ್ಲಿನ ರೋಹು, ಕಾಟ್ಲಾ ಮಂಜುಗಡ್ಡೆಯ ಲಾರಿಗಳಲ್ಲಿ ಬಂಗಾಳಕ್ಕೂ ಅಸ್ಸಾಮಿಗೂ ಹೋಗುತ್ತವೆ.

ಇದು ಸಾಧ್ಯವಾದದ್ದು ಒಂದು ಸಣ್ಣ ಸೂಜಿಯಿಂದ. ರೋಹು, ಕಾಟ್ಲಾದಂಥ ಗೆಂಡೆ ಮೀನುಗಳು ಮಳೆಗಾಲದ ತುಂಬು ಹೊಳೆಯಲ್ಲಿ ಮೊಟ್ಟೆಯಿಡುತ್ತವೆ. ನಿಂತ ನೀರಿನ ಹೊಂಡದಲ್ಲಿ ಇಡುವುದಿಲ್ಲ. ಹೀಗಾಗಿ ಸಾಕುವವರು ಹೊಳೆಯಲ್ಲಿ ಬಲೆ ಹಾಕಿ, ಸಿಕ್ಕ ಮರಿಗಳನ್ನು ತಂದು ಹೊಂಡಕ್ಕೆ ಬಿಡಬೇಕಿತ್ತು. ಯಾವ ಮರಿ ಯಾವ ಜಾತಿಯದು ಎಂಬುದು ಬೆಳೆದ ಮೇಲೆಯೇ ಗೊತ್ತಾಗುತ್ತಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು, ನಿಂತ ನೀರಿನಲ್ಲೇ ಗೆಂಡೆ ಮೀನು ಮೊಟ್ಟೆಯಿಡುವಂತೆ ಮಾಡಿದರು. ಆ ದಿನವನ್ನು ದೇಶ ಈಗ ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ.

ಈ ವಿದ್ಯೆ ಹಳ್ಳಿಗೆ ಹೋದದ್ದು ಪ್ರಾತ್ಯಕ್ಷಿಕೆಯ ಮೂಲಕ. ಗ್ರಂಥಿ ತೆಗೆಯುವುದು, ಅರೆಯುವುದು, ಎಷ್ಟು ತೂಕದ ಮೀನಿಗೆ ಎಷ್ಟು ಮದ್ದು ಎಂದು ಲೆಕ್ಕ ಹಾಕುವುದು, ಬೆನ್ನಿನ ರೆಕ್ಕೆಯ ಬುಡದಲ್ಲಿ ಸೂಜಿ ಚುಚ್ಚುವುದು, ಇವೆಲ್ಲ ಕೈಯಿಂದ ಕೈಗೆ ದಾಟುವಂಥವು. ಒಬ್ಬರು ಮಾಡುವುದನ್ನು ಇನ್ನೊಬ್ಬರು ಪಕ್ಕದಲ್ಲಿ ಕೂತು ನೋಡಬೇಕು. ನಿಧಾನ ಹೌದು. ಆದರೆ ನೋಡುತ್ತಿದ್ದವನು ನಡುವೆ ಬಾಯಿ ಹಾಕಿ ಕೇಳಬಹುದಿತ್ತು.

1990ರ ದಶಕದಲ್ಲಿ ಕರಾವಳಿ ಆಂಧ್ರಕ್ಕೆ ಸಿಗಡಿ ಸಾಕಣೆಯ ಹುಚ್ಚು ಹಿಡಿಯಿತು. ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗದ ವೈರಸ್ ಬಂತು. ಕೆಲವೇ ದಿನಗಳಲ್ಲಿ ಇಡೀ ಹೊಂಡ ಸಾಯುತ್ತಿತ್ತು. ಕಾಯಿಲೆ ಬಿದ್ದ ಹೊಂಡದ ನೀರನ್ನು ಒಬ್ಬ ಕಾಲುವೆಗೆ ಬಿಟ್ಟರೆ, ಅದೇ ಕಾಲುವೆಯಿಂದ ನೀರೆತ್ತುವ ಪಕ್ಕದವನ ಹೊಂಡಕ್ಕೂ ರೋಗ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕಡಲಂಚಿನ ಸಿಗಡಿ ಹೊಂಡಗಳ ವಿರುದ್ಧ ತೀರ್ಪು ಕೊಟ್ಟಿತು. ಇತ್ತ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ದಂಪತಿಯ ತಂಡ ಈ ವೈರಸ್ಸನ್ನು ಮರಿಯಲ್ಲೇ ಪತ್ತೆ ಮಾಡುವ ಪಿಸಿಆರ್ ಪರೀಕ್ಷೆಯ ಮೇಲೆ ಕೆಲಸ ಮಾಡಿತು.

ಪರೀಕ್ಷೆ ಬಂದರೆ ಸಾಲದು. ಒಂದೇ ಕಾಲುವೆಯ ನೀರು ಕುಡಿಯುವ ಹೊಂಡಗಳವರೆಲ್ಲ ಒಂದೇ ಹೊತ್ತಿಗೆ ಮರಿ ಬಿಡಬೇಕು, ಒಟ್ಟಿಗೆ ಪರೀಕ್ಷೆ ಮಾಡಿಸಬೇಕು, ರೋಗ ಬಂದರೆ ನೀರು ಬಿಡುವ ಮುನ್ನ ನೆರೆಯವರಿಗೆ ಹೇಳಬೇಕು. 2000ದ ನಂತರ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರವು ಪಶ್ಚಿಮ ಗೋದಾವರಿಯ ಮೊಗಲ್ತೂರಿನಂಥ ಊರುಗಳಲ್ಲಿ ಬೆರಳೆಣಿಕೆಯ ರೈತರನ್ನು ಸೇರಿಸಿ 'ಆಕ್ವಾ ಕ್ಲಬ್' ಕಟ್ಟಿದ್ದು ಇದಕ್ಕಾಗಿಯೇ. ರೋಗದ ಸುದ್ದಿ ಮುಚ್ಚಿಡದೆ ನೆರೆಯವನಿಗೆ ಹೇಳುವುದೇ ಅಲ್ಲಿ ಮೊದಲ ಮದ್ದಾಗಿತ್ತು.

ಕಾಸರಗೋಡಿನ ಮಂಗಳವಾರಗಳು

ಈಗ ಹೊಂಡ ಬಿಟ್ಟು ಸ್ವಲ್ಪ ಹೊತ್ತು ಪಡುಗಡಲಿಗೆ ಹೋಗೋಣ. ಮೀನು ಮತ್ತು ಮೊಬೈಲಿನ ಬಗ್ಗೆ ಲೋಕವೆಲ್ಲ ಉಲ್ಲೇಖಿಸುವ ಸಂಶೋಧನೆ ನಡೆದದ್ದು ಅಲ್ಲಿ, ನಮ್ಮ ಕಾಸರಗೋಡೂ ಸೇರಿದ ತೀರದಲ್ಲಿ.

ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ಕೇರಳದ ಮೊದಲ ಕರೆ 1996ರ ಸೆಪ್ಟೆಂಬರ್‌ನಲ್ಲಿ, ಕೊಚ್ಚಿಯಲ್ಲಿ. ಆ ಕರೆ ಮಾಡಿದವರು ಮಲಯಾಳಂ ಸಾಹಿತಿ ತಕಳಿ ಶಿವಶಂಕರ ಪಿಳ್ಳೆ. ಬೆಸ್ತರ ಬದುಕಿನ ಕಾದಂಬರಿ 'ಚೆಮ್ಮೀನ್' ಬರೆದವರೇ ಅವರು. ಚೆಮ್ಮೀನ್ ಎಂದರೆ ಸಿಗಡಿ. ಅವರ ಕೈಗೆ ಫೋನು ಕೊಟ್ಟವರಿಗೆ ಇನ್ನು ಐದು ವರ್ಷದಲ್ಲಿ ದೋಣಿದೋಣಿಗೂ ಫೋನು ಹೋಗುತ್ತದೆಂದು ಹೊಳೆದಿತ್ತೋ ಇಲ್ಲವೋ.

ಅದೇ ಸೆಪ್ಟೆಂಬರ್‌ನಿಂದ 2001ರ ಮೇವರೆಗೆ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಉತ್ತರ ಕೇರಳದ 15 ಕಡಲತೀರದ ಮಾರುಕಟ್ಟೆಗಳಲ್ಲಿ, 300 ದೋಣಿಗಳ ಲೆಕ್ಕವನ್ನು ಪ್ರತಿ ಮಂಗಳವಾರ ಬರೆಸಿದರು. ಎಷ್ಟು ಮೀನು, ಎಲ್ಲಿ ಮಾರಿದರು, ಏನು ದರ ಸಿಕ್ಕಿತು. ಮೀನು ಒಂದೇ ಜಾತಿಯದು. ಕನ್ನಡದಲ್ಲಿ ಬೈಗೆ, ತುಳುವಿನಲ್ಲಿ ಬೂತಾಯಿ, ಕೊಂಕಣಿಯಲ್ಲಿ ತಾರ್ಲೆ, ಮಲಯಾಳಂನಲ್ಲಿ ಮತ್ತಿ. ಕಾಸರಗೋಡಿನ ಒಂದೇ ಮಾರುಕಟ್ಟೆಯಲ್ಲಿ ಈ ನಾಲ್ಕು ಹೆಸರೂ ಕಿವಿಗೆ ಬಿದ್ದಾವು.

1997ರ ಜನವರಿ 14, ಮಂಗಳವಾರ. ವಡಗರದ ತೀರದಲ್ಲಿ 11 ಮಂದಿ ಮೀನುಗಾರರು ಕೊಳ್ಳುವವರಿಲ್ಲದೆ ಹಿಡಿದ ಮತ್ತಿಯನ್ನು ಚೆಲ್ಲಬೇಕಾಗಿ ಬಂತು. ಅದೇ ಬೆಳಿಗ್ಗೆ 15 ಕಿಲೋಮೀಟರ್ ಒಳಗಿನ ಚೋಂಬಾಲ, ಕೊಯಿಲಾಂಡಿ ತೀರಗಳಲ್ಲಿ 27 ಮಂದಿ ಕೊಳ್ಳುವವರು ಕಿಲೋಗೆ ಹತ್ತಿರ ಹತ್ತಿರ 10 ರೂಪಾಯಿ ಕೊಡಲು ಸಿದ್ಧರಿದ್ದೂ ಮೀನು ಸಿಗದೆ ಬರಿಗೈಲಿ ಹೊರಟಿದ್ದರು. ಇಲ್ಲಿ ಚೆಲ್ಲುವವರು, ಅಲ್ಲಿ ಹುಡುಕುವವರು. ನಡುವೆ ಇದ್ದದ್ದು ಎರಡು ಹರದಾರಿ ಕಡಲು. ಆದರೆ ಡೀಸೆಲ್ ಸುಟ್ಟು ಅಲ್ಲಿಗೆ ಹೋಗಿ ಅಲ್ಲೂ ದರ ಬಿದ್ದಿದ್ದರೆ? ಅಷ್ಟು ಹೊತ್ತಿಗೆ ಮಾರುಕಟ್ಟೆಯೇ ಮುಗಿದಿರುತ್ತದೆ.

ಮೊಬೈಲು ಈ ತೀರಕ್ಕೆ ತೆಂಕಣಿಂದ ಬಡಗಣಕ್ಕೆ ಬಂತು. 1997ರ ಜನವರಿ ಕೊನೆಗೆ ಕೋಯಿಕ್ಕೋಡ್, 1998ರ ಜುಲೈಗೆ ಕಣ್ಣೂರು, 2000ದ ಮೇಗೆ ಕಾಸರಗೋಡು. ಮೀನುಗಾರರಿಗೆಂದು ಯಾರೂ ಟವರ್ ಹಾಕಿರಲಿಲ್ಲ. ಊರುಗಳೂ ಹೆದ್ದಾರಿಯೂ ಕಡಲ ಬದಿಗಿದ್ದವು, ಹಾಗಾಗಿ ಟವರುಗಳೂ ಅಲ್ಲೇ ಎದ್ದವು. ಗುಡ್ಡ, ಮರ, ಗೋಡೆಗಳ ಅಡ್ಡಿಯಿಲ್ಲದ ನೀರಿನ ಮೇಲೆ ರೇಡಿಯೊ ಅಲೆ ಸಲೀಸಾಗಿ ಹರಿಯುತ್ತದೆ. ಆ ಕಾಲದ ಜಿಎಸ್‌ಎಂ ವ್ಯವಸ್ಥೆಯಲ್ಲಿ ಫೋನಿನ ಉತ್ತರ ಟವರಿಗೆ ಗೊತ್ತಾದ ವೇಳೆಯೊಳಗೆ ತಲುಪಬೇಕಾದ್ದರಿಂದ ಸಾಮಾನ್ಯವಾಗಿ 35 ಕಿಲೋಮೀಟರ್ ಕೊನೆಯ ಗಡಿ. ಈ ತೀರದಲ್ಲಿ 20-25 ಕಿಲೋಮೀಟರ್‌ವರೆಗೆ ರೇಂಜ್ ಸಿಗುತ್ತಿತ್ತು. ಮತ್ತಿ ಹಿಡಿಯುವ ದೋಣಿಗಳು ಹೋಗುವುದೂ ಹೆಚ್ಚುಕಡಿಮೆ ಅಷ್ಟೇ ದೂರ.

2001ರ ಹೊತ್ತಿಗೆ ನೂರಕ್ಕೆ 60ಕ್ಕೂ ಹೆಚ್ಚು ದೋಣಿಗಳಲ್ಲಿ ಫೋನಿತ್ತು. ಜಿಲ್ಲೆಯಿಂದ ಜಿಲ್ಲೆಗೆ ಫೋನು ಬಂದ ಹಾಗೆ ತೀರದಿಂದ ತೀರಕ್ಕೆ ಇದ್ದ ದರದ ಏರುಪೇರು ಇಳಿಯಿತು, ಮೀನು ಚೆಲ್ಲುವುದು ನಿಂತೇಹೋಯಿತು. ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಏರಿತು, ಕೊಳ್ಳುವವರಿಗೆ ದರ ಶೇ. 4ರಷ್ಟು ಇಳಿಯಿತು. ಇಬ್ಬರಿಗೂ ಲಾಭ. 2007ರಲ್ಲಿ ಈ ಪ್ರಬಂಧ ಅಚ್ಚಾದದ್ದೇ ತಡ, ಮೊಬೈಲ್ ಬಡತನ ನೀಗುತ್ತದೆ ಎನ್ನುವವರಿಗೆಲ್ಲ ಕಾಸರಗೋಡಿನ ಮತ್ತಿಯೇ ಸಾಕ್ಷಿಯಾಯಿತು.

ದಾರಿಯಲ್ಲಿ ಉದುರಿದ್ದು

ಕಥೆ ದೂರ ಹೋದ ಹಾಗೆ ಅದರ ಜೊತೆಗಿದ್ದ ಷರತ್ತುಗಳು ಕಳಚಿದವು. ಜೆನ್ಸನ್ ಹೇಳಿದ್ದು ಒಂದು ಮೀನು, ಒಂದು ತೀರ, ಐದು ವರ್ಷದ ಮಾತು. ಬೇರೆ ದೇಶಗಳ ಸಭೆಗಳಲ್ಲಿ ಅದು 'ಮೀನುಗಾರನ ಕೈಗೆ ಫೋನು ಕೊಡಿ, ಉಳಿದದ್ದು ತಾನೇ ಆಗುತ್ತದೆ' ಎಂದಾಯಿತು.

ಇದನ್ನು ಮತ್ತೆ ತೀರಕ್ಕೆ ಬಂದು ನೋಡಿದವರಿದ್ದಾರೆ. ಟಿ.ಟಿ. ಶ್ರೀಕುಮಾರ್ ಕೇರಳದ ಮೀನುಗಾರರ ನಡುವೆ ಅಧ್ಯಯನ ಮಾಡಿ, ಫೋನಿನ ಬಳಕೆಯನ್ನು ದರ ಕೇಳುವುದಕ್ಕಷ್ಟೇ ಸೀಮಿತಗೊಳಿಸಬಾರದು ಎಂದರು. ಎಲ್ಲಿ ಮೀನಿದೆ, ಯಾರ ಎಂಜಿನ್ ಕೆಟ್ಟಿದೆ, ಯಾರಿಗೆ ನೆರವು ಬೇಕು, ಹೀಗೆ ದೋಣಿಗಳ ನಡುವಿನ ಕೂಡುಬಾಳ್ವೆಯೇ ಅಲ್ಲಿ ದೊಡ್ಡದು. ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ 2010ರ ದಶಕದಲ್ಲಿ ಹೋಗಿ ನೋಡಿದಾಗ, ದರ ಗೊತ್ತಿದ್ದರೂ ಬೇಕಾದ ಕಡೆ ಮಾರುವ ಸ್ವಾತಂತ್ರ್ಯ ಎಲ್ಲರಿಗೂ ಇರಲಿಲ್ಲ. ದೋಣಿಗೆ, ಬಲೆಗೆ ಸಾಲ ಕೊಟ್ಟ ಹರಾಜುದಾರನ ಬಳಿಯೇ ಮೀನು ಇಳಿಸಬೇಕು. ಪಕ್ಕದ ತೀರದಲ್ಲಿ ಎರಡು ರೂಪಾಯಿ ಹೆಚ್ಚು ಎಂದು ಫೋನು ಹೇಳಬಹುದು. ಸಾಲ ಬಿಡಬೇಕಲ್ಲ!

ಜೆನ್ಸನ್ ಲೆಕ್ಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಕಷ್ಟಪಟ್ಟು ಮಾಡಿದ ಕೆಲಸ. ಆದರೆ ಮೀನುಗಾರರು 300 ದೋಣಿಗಳ ಲೆಕ್ಕ ಕೊಟ್ಟರು. ಅದರಿಂದ ಹುಟ್ಟಿದ ತಿಳಿವು ಇಂಗ್ಲಿಷಿನ ಅರ್ಥಶಾಸ್ತ್ರ ಪತ್ರಿಕೆಯಲ್ಲಿ, ಸಮೀಕರಣಗಳ ನಡುವೆ ಅಚ್ಚಾಯಿತು. ಹಾಗಾದರೆ ತಿಳಿವು ತೀರದ ಕಡೆಗೆ, ತೀರದ ಮಾತಿನಲ್ಲಿ ಹೋದ ದಾರಿ ಯಾವುದು? ಅದರ ಒಂದು ದಾರಿ ಮತ್ತೆ ಹೈದರಾಬಾದಿಗೇ ಬರುತ್ತದೆ.

ಮೋಡ, ಉಪಗ್ರಹ, ಎಪ್ಪತ್ತು

ಅಮೀರ್‌ಪೇಟಿನಿಂದ ವಾಯವ್ಯಕ್ಕೆ, ಪ್ರಗತಿ ನಗರದಲ್ಲಿ ಇಂಕಾಯ್ಸ್ ಇದೆ. ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಸ್ಥಾಪನೆ 1999. ಉಪಗ್ರಹಗಳು ಅಳೆದ ಕಡಲ ಮೇಲ್ಮೈಯ ಬಿಸಿ ಮತ್ತು ನೀರಿನ ಹಸಿರು ನೋಡಿ, ಎಲ್ಲಿ ಮೀನು ಗುಂಪುಗೂಡಬಹುದೆಂದು ಇದು ಲೆಕ್ಕ ಹಾಕುತ್ತದೆ. ಬಿಸಿ ನೀರೂ ತಣ್ಣನೆಯ ನೀರೂ ಸಂಧಿಸುವಲ್ಲಿ ಸೂಕ್ಷ್ಮಸಸ್ಯಗಳು ಬೆಳೆಯುತ್ತವೆ, ಅವನ್ನು ತಿನ್ನಲು ಸಣ್ಣ ಜೀವಿಗಳು, ಅವುಗಳ ಹಿಂದೆ ಮೀನು. ಮೋಡ ಕವಿದರೆ ಉಪಗ್ರಹಕ್ಕೆ ಕಾಣದು, ಆ ದಿನ ಸೂಚನೆಯಿಲ್ಲ. ಉಳಿದ ದಿನ ಬಂದರಿನಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಎಷ್ಟು ಆಳ ಎಂಬ ಸೂಚನೆ ಕನ್ನಡವೂ ಸೇರಿ ಕರಾವಳಿಯ ಭಾಷೆಗಳಲ್ಲಿ ಹೊರಡುತ್ತದೆ. ಫ್ಯಾಕ್ಸ್, ಬಂದರಿನ ಫಲಕ, ಎಸ್ಸೆಮ್ಮೆಸ್, ಆ್ಯಪ್, ಹೀಗೆ ವಾಹನ ಬದಲಾಗುತ್ತಾ ಬಂದಿದೆ.

ಎಸ್ಸೆಮ್ಮೆಸ್ಸಿನ ಮುಂಚೆ ಇದ್ದ ವಾಹನವನ್ನೂ ನೆನೆಯಬೇಕು. 1998ರಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಪುದುಚೇರಿಯ ಹಳ್ಳಿಗಳಲ್ಲಿ ಜ್ಞಾನಕೇಂದ್ರ ತೆರೆಯಲು ಶುರು ಮಾಡಿತು. ವೀರಂಪಟ್ಟಿನಂ ಎಂಬ ಮೀನುಗಾರರ ಊರಿನಲ್ಲಿ, ಅಮೆರಿಕ ನೌಕಾಪಡೆಯ ಜಾಲತಾಣದಲ್ಲಿದ್ದ ಅಲೆಗಳ ಎತ್ತರವನ್ನು ಇಳಿಸಿಕೊಂಡು, ತಮಿಳಿನಲ್ಲಿ ಧ್ವನಿವರ್ಧಕದಿಂದ ಕೂಗಿ ಹೇಳುತ್ತಿದ್ದರು. 2004ರ ಸುನಾಮಿಯ ದಿನ ಪಕ್ಕದ ನಲ್ಲವಾಡು ಊರಿಗೆ ಸಿಂಗಪುರದಲ್ಲಿದ್ದ ಅಲ್ಲಿನವನೊಬ್ಬನ ಕರೆ ಬಂತು. ಜನ ಜ್ಞಾನಕೇಂದ್ರದ ಬೀಗ ಒಡೆದು ಅದೇ ಧ್ವನಿವರ್ಧಕದಲ್ಲಿ ಕೂಗಿದರು, ಊರು ಉಳಿಯಿತು. ಫೋನು ಮುಟ್ಟಿದ್ದು ಒಬ್ಬರಿಗೆ. ಊರಿಗೆಲ್ಲ ಮುಟ್ಟಿಸಿದ್ದು ಮನುಷ್ಯರ ದನಿ.

ಇನ್ನು ಎಸ್ಸೆಮ್ಮೆಸ್. ಜಾಲದ ಮಿತವ್ಯಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಫೋನು ಸುಮ್ಮನಿದ್ದಾಗಲೂ ಟವರಿನ ಜೊತೆ ಮಾತಾಡಿಕೊಳ್ಳುವ ನಿಯಂತ್ರಣದ ಕಿರುದಾರಿಯಲ್ಲೇ ಸಂದೇಶವೂ ಹೋಗುತ್ತದೆ. ಕರೆಗೆಂದು ಬೇರೆ ದಾರಿ ತೆರೆಯಬೇಕಿಲ್ಲ. ಆ ಕಿರುದಾರಿಯಲ್ಲಿ ಹಿಡಿಸುವುದು 140 ಬೈಟ್. ಒಂದು ಅಕ್ಷರಕ್ಕೆ 7 ಬಿಟ್‌ನಂತೆ ರೋಮನ್ ಲಿಪಿಯಲ್ಲಿ 160 ಅಕ್ಷರ. 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ತಮಗೆ ತೋಚಿದ ವಾಕ್ಯಗಳನ್ನು ಟೈಪ್ ಮಾಡಿ, ಅಂಚೆ ಕಾರ್ಡುಗಳ ಉದ್ದ ನೋಡಿ, 160 ಸಾಕು ಎಂದು ತೀರ್ಮಾನಿಸಿದರು. ಕನ್ನಡದ ಕಾರ್ಡು ಅವರ ಮುಂದೆ ಇರಲಿಲ್ಲ.

ಕನ್ನಡ ಯುನಿಕೋಡ್‌ನಲ್ಲಿ ಹೋಗಬೇಕು, ಒಂದಕ್ಕೆ 16 ಬಿಟ್. ಆದ್ದರಿಂದ ಒಂದು ಸಂದೇಶಕ್ಕೆ 70. ಅದೂ ನಾವು ಎಣಿಸುವ ಅಕ್ಷರವಲ್ಲ. 'ಮತ್ಸ್ಯ' ನಮಗೆ ಎರಡಕ್ಷರ. ಯಂತ್ರ ಮ, ತ, ಹಲಂತ, ಸ, ಹಲಂತ, ಯ ಎಂದು ಆರು ಎಣಿಸುತ್ತದೆ. 'ಮೀನು' ನಾಲ್ಕು. ದಾಟಿದರೆ ಎರಡನೆಯ ಸಂದೇಶ, ಎರಡರಷ್ಟು ಖರ್ಚು. 2010ರ ಸುಮಾರಿಗೆ ಮೊಬೈಲ್ ಮಾನಕಗಳಿಗೆ ಕನ್ನಡವೂ ಸೇರಿ ಭಾರತದ ಹತ್ತು ಭಾಷೆಗಳ ಕೋಷ್ಟಕಗಳು ಸೇರಿದವು. ಅವನ್ನು ಬಳಸಿದರೆ ಕನ್ನಡದಲ್ಲೂ ಒಂದು ಸಂದೇಶಕ್ಕೆ 150ಕ್ಕೂ ಹೆಚ್ಚು ಹಿಡಿಸುತ್ತದೆ. ಕೋಷ್ಟಕ ಇದೆ, ಬಳಕೆಗೆ ಬಂದದ್ದು ಅಪರೂಪ. ಅಷ್ಟರಲ್ಲಿ ಆ್ಯಪುಗಳ ಕಾಲ ಬಂತು, ಎಲ್ಲರೂ ಮರೆತರು. ಅದೇ ಆ್ಯಪು ಕಡಲಿನಲ್ಲಿ 10-12 ಕಿಲೋಮೀಟರ್ ದಾಟಿದರೆ ಕುರುಡು ಎಂಬ ಕಾರಣಕ್ಕೆ, 2019ರಲ್ಲಿ ಇಂಕಾಯ್ಸ್ ಉಪಗ್ರಹದಿಂದ ನೇರವಾಗಿ ಎಚ್ಚರಿಕೆ ಪಡೆಯುವ 'ಜೆಮಿನಿ' ಎಂಬ ಪೆಟ್ಟಿಗೆ ತಂದಿತು. ಅದೂ ಒಮ್ಮುಖವೇ. ದೋಣಿಗೆ ಕೇಳಿಸುತ್ತದೆ, ದೋಣಿಯವನ ಮಾತು ದಡಕ್ಕೆ ಕೇಳಿಸುವುದಿಲ್ಲ.

ಮಾಮನ ಹೊಂಡ

ನನ್ನ ಪಾಲು ಇಲ್ಲಿ ಬರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆ ಸಿಹಿನೀರಿನ ಮೀನು ಸಾಕುವವರಿಗೆ ಕಳುಹಿಸುವ ಕಿರುಸಂದೇಶಗಳ ಕನ್ನಡ ಅನುವಾದ ಕೊಟ್ಟಿತು. ಹೊಂಡದ ನೀರಿನಲ್ಲಿ ರಾತ್ರಿಯೆಲ್ಲ ಪಾಚಿಯೂ ಮೀನೂ ಉಸಿರಾಡಿ ಆಮ್ಲಜನಕ ಇಳಿಯುತ್ತದೆ. ಬೆಳಗಿನ ಜಾವಕ್ಕೆ ತೀರಾ ಕಡಿಮೆ. ಇದರ ಮೇಲಿನ ಸಂದೇಶವನ್ನು ನಾನು ಹೀಗೆ ಮಾಡಿದ್ದೆ:

ಕೊಳದಲ್ಲಿ ಕರಗಿದ ಆಮ್ಲಜನಕದ ಪ್ರಮಾಣ ಕಡಿಮೆಯಾದಲ್ಲಿ ವಾಯುಪೂರಣ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು

ಯಂತ್ರದ ಎಣಿಕೆಯಲ್ಲಿ 79. ಉದ್ದವಾಯಿತು ಎಂದು ಅವರು ವಾಪಸು ಕಳುಹಿಸಿದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಸಣ್ಣದೊಂದು ಹೊಂಡ ಮಾಡಿರುವ ನನ್ನ ಸೋದರಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಏನವಾ ಇದು, ಕೋರ್ಟಿನ ನೋಟೀಸ್ ಇದ್ದಂಗ ಐತಲ್ಲ?"

"ನೀರಾಗ ಗಾಳಿ ಕಮ್ಮಿ ಆದಾಗ ಏನು ಮಾಡಬೇಕು ಅಂತ ಮಾಮಾ."

"ಗಾಳಿ ಕಮ್ಮಿ ಆಗಿದ್ದು ನನಗ ಹೆಂಗ ಕಾಣಬೇಕು? ನಸುಕಿನಾಗ ಮೀನು ಮ್ಯಾಲೆ ಬಂದು ಬಾಯಿ ಬಿಡತಾವ. ಅವಾಗ ಹೊಸ ನೀರು ಬಿಡತೀವಿ. ಅಷ್ಟ ಹೇಳು."

ಅಷ್ಟೇ ಬರೆದೆ:

ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಟ್ಟರೆ ಹೊಸ ನೀರು ಬಿಡಿ

52. ಹತ್ತು ಪದ, ಒಂದೇ ಒಂದು ಒತ್ತಕ್ಷರ. ಮೊದಲಿನ ಅನುವಾದದಲ್ಲಿ ಪದ ಎಂಟೇ ಇದ್ದರೂ ಜಾಗ ಒಂದೂವರೆಪಟ್ಟು. ಸಂಸ್ಕೃತದ ಒತ್ತುಗಳಿಗೆ ಜಾಲ ಕೊಡುವ ಬೆಲೆ ಎಷ್ಟೆಂದು ಭಾಷಾವಿಜ್ಞಾನದ ತರಗತಿಯಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಇದನ್ನು ಗೆಲುವೆಂದು ಹೇಳಿಕೊಂಡು ಒಂದಷ್ಟು ದಿನ ತಿರುಗಿದೆ. ಮಾಮನೇ ಮತ್ತೆ ತಿದ್ದಿದ. ಕಿವಿರಿಗೆ ರೋಗ ಬಂದಾಗಲೂ ಮೀನು ಮೇಲೆ ಬರುತ್ತದೆ. ತಳದಲ್ಲಿ ಕೊಳೆ ಹೆಚ್ಚಿ ಅಮೋನಿಯ ಏರಿದಾಗಲೂ ಬರುತ್ತದೆ. ಆಗ ನೀರು ಬಿಟ್ಟಷ್ಟಕ್ಕೇ ಮುಗಿಯುವುದಿಲ್ಲ. ಕಾಲುವೆಗೆ ನೀರು ಬಿಡದ ತಿಂಗಳಲ್ಲಂತೂ ಹೊಸ ನೀರು ಎಲ್ಲಿಂದ ತರುವುದು? ಸಭೆಗಳಲ್ಲಿ ಜೆನ್ಸನ್ನರ ಮತ್ತಿಗೆ ಆದದ್ದೇ ನನ್ನ 52ರೊಳಗೂ ಆಗಿತ್ತು. ಮಾತು ಹಗುರಾಗಿ ಓಡಲೆಂದು ಷರತ್ತುಗಳನ್ನು ನಾನೂ ದಂಡೆಯ ಮೇಲೆ ಇಳಿಸಿದ್ದೆ.

ಆದರೆ ಒಡಿಶಾದ ಸೂಜಿಯ ಪಕ್ಕದಲ್ಲಿ, ಮೊಗಲ್ತೂರಿನ ಕ್ಲಬ್ಬಿನಲ್ಲಿ, ದೋಣಿಯಿಂದ ದೋಣಿಗೆ ಹೋದ ಕರೆಯಲ್ಲಿ ಇದ್ದದ್ದು ನನ್ನ ಸಂದೇಶದಲ್ಲಿ ಇರಲಿಲ್ಲ: ತಿರುಗಿ ಕೇಳುವ ದಾರಿ. ಎಲ್ಲ ಷರತ್ತುಗಳನ್ನೂ 70ರಲ್ಲಿ ತುರುಕಲಾಗದು. ಕೇಳಲು ಒಂದು ನಂಬರನ್ನಂತೂ ಕೊಡಬಹುದಲ್ಲ? ಎಣಿಸಿ ನೋಡಿದೆ. ವಾಕ್ಯ 52, ಚುಕ್ಕಿ ಒಂದು, ಬಿಡುವು ಒಂದು, 'ಕೇಳಿ:' ಐದು, ಮತ್ತೊಂದು ಬಿಡುವು, ಹತ್ತಂಕಿಯ ಫೋನ್ ನಂಬರು. ಒಟ್ಟು ಸರಿಯಾಗಿ 70.

ಸಂಸ್ಥೆಗೆ ಹಾಗೇ ಬರೆದು ಕಳುಹಿಸಿದೆ, ಹತ್ತು ಅಂಕಿಗಳ ಜಾಗದಲ್ಲಿ ಹತ್ತು ಸೊನ್ನೆ ಹಾಕಿ. ವಾಕ್ಯ ಚೆನ್ನಾಗಿದೆ, ನಂಬರು ಬೇಡ, ಕರೆ ಬಂದರೆ ಎತ್ತಲು ಜನ ಇಲ್ಲ ಎಂದು ಉತ್ತರ ಬಂತು. 52 ಹೋಯಿತು. 18 ಖಾಲಿ ಉಳಿಯಿತು. ಮಾಮನಿಗೆ ಆ ಸಂದೇಶ ಬಂದ ದಿನ ಅವನು ಫೋನು ಮಾಡಿದ್ದು ನನಗೆ. ಎರಡು ಹೊಂಡದ ಆಚೆಯವರ ಮೀನೂ ಮೇಲೆ ಬಂದಿದೆಯಂತೆ, ನೀರು ಬಿಟ್ಟರೂ ತಳಕ್ಕೆ ಇಳಿಯುತ್ತಿಲ್ಲವಂತೆ, ಯಾರನ್ನು ಕೇಳಬೇಕು ಎಂದ. ಗೊತ್ತಿಲ್ಲ ಮಾಮಾ ಎಂದೆ. ಆಮೇಲೆ ಅಲ್ಲಿ ಇಲ್ಲಿ ಹುಡುಕಿ ಜಿಲ್ಲೆಯ ಮೀನುಗಾರಿಕೆ ಇಲಾಖೆಯ ನಂಬರು ಹಿಡಿದು ಕೊಟ್ಟೆ. ಅದು ಹತ್ತು ಅಂಕಿಯಷ್ಟೇ ಉದ್ದ ಇತ್ತು.